ತಲೆ ಮುಟ್ಟುವ ಹಕ್ಕು

ಕೈಸಾರ್ ತನ್ನ ಅಪ್ಪನನ್ನು ಸಾಯಿಸಿದ್ದು ಒಂದು ಶಿಫಾರಸು ಪತ್ರಕ್ಕಾಗಿ. ಅಪ್ಪ ಆ ಹೊತ್ತಿಗೆ ತಾಲ್ದಿಕೊರ್ಗಾನ್ ಊರಿನ ಮನೆಯಲ್ಲಿ ಹಾಲು ಹಾಕಿದ ಚಹಾ ಕುಡಿಯುತ್ತ ಟಿ.ವಿ.ಯಲ್ಲಿ ಕುಸ್ತಿ ನೋಡುತ್ತಿದ್ದರು. ತಾವು ತೀರಿಕೊಂಡ ಸುದ್ದಿ ಅವರಿಗೆ ಗೊತ್ತಿರಲಿಲ್ಲ.

ಪತ್ರ ಕೊಡಬೇಕಾದವರು ಪ್ರೊಫೆಸರ್ ಓರಜ್‌ಬಾಯ್. ಅಲ್ಮಾಟಿಯಲ್ಲಿ ಮಣ್ಣಿನ ವಿಜ್ಞಾನ ಕಲಿಸುವವರು, ಹುಡುಗರ ಬಾಯಲ್ಲಿ 'ಅಗಾಯ್', ಅಂದರೆ ಮೇಷ್ಟ್ರು. ಅವರು ಮನಸ್ಸಿಟ್ಟು ಒಂದು ಪುಟ ಬರೆದರೆ ಪ್ರಾಗ್‌ನಲ್ಲಿ ಸೀಟು, ವಿದ್ಯಾರ್ಥಿವೇತನ ಎಲ್ಲ ಸಿಕ್ಕ ಹಾಗೆಯೇ. ಬರೆಯದಿದ್ದರೆ ಊರಿಗೆ ಹೋಗಿ ಚಿಕ್ಕಪ್ಪನ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುವುದು. ಕೈಸಾರ್ ಅಗಾಯ್ ಅವರ ಚೀಲ ಹೊತ್ತ. ಅವರ ಹಳಸಿದ ಜೋಕಿಗೆ ಎಲ್ಲರಿಗಿಂತ ಮೊದಲು ನಕ್ಕ. ಅವರ ಹಿತ್ತಲಿನ ಸೇಬಿನ ಮರಗಳಿಗೆ ಸುಣ್ಣ ಬಳಿದ. ಇಷ್ಟಾದರೂ ಅವರು ಅವನನ್ನು ಕರೆಯುತ್ತಿದ್ದದ್ದು 'ಏ ಸುಣ್ಣ' ಎಂದೇ. ಹೆಸರೇ ಗೊತ್ತಿಲ್ಲದವನಿಗೆ ಅವರು ಬರೆಯುವುದಾದರೂ ಏನನ್ನು?

ಕೊನೆಗೆ ಗುಟ್ಟು ಹೇಳಿಕೊಟ್ಟವಳು ಸೀನಿಯರ್ ಮೋಲ್ದಿರ್.

"ಲೋ ಪೆದ್ದ, ಅಗಾಯ್ ತಬ್ಬಲಿ ಕಣೋ. ಅಪ್ಪ ಇಲ್ದಿರೋ ಹುಡುಗರನ್ನ ಕಂಡ್ರೆ ಕರಗಿಹೋಗ್ತಾರೆ. ಸುಣ್ಣ ಬಳಿದು ಏನು ಬಂತು ನಿಂಗೆ?"

ನಿಜ. ಪ್ರತಿ ವರ್ಷದ ಮೊದಲ ಪಾಠದಲ್ಲಿ ಅವರು ಆ ಕಥೆ ಹೇಳುತ್ತಿದ್ದರು. ಹಿಮದ ಬಿರುಗಾಳಿ, ಸವಾರನಿಲ್ಲದೆ ಮನೆಗೆ ಬಂದ ಕುದುರೆ, ಅನಾಥ ಬಾಲಕ. ಮುಂದೆ ಮಾಸ್ಕೋದ ಒಬ್ಬ ವಿದ್ವಾಂಸರು ಆ ಅನಾಥನ ತಲೆ ಸವರಿ ಬರೆದುಕೊಟ್ಟ ಶಿಫಾರಸು ಪತ್ರ. ಕರವಸ್ತ್ರ ಪ್ರತಿ ವರ್ಷವೂ ಅದೇ ವಾಕ್ಯಕ್ಕೆ ಹೊರಬರುತ್ತಿತ್ತು.

ಮರುದಿನ ಕೈಸಾರ್ ಅವರ ಕೋಣೆಯಲ್ಲಿ ತಲೆ ತಗ್ಗಿಸಿ ನಿಂತ. "ಅಗಾಯ್, ನನಗೂ ಅಪ್ಪ ಇಲ್ಲ."

ಅಬ್ಬಾ, ಅದೇನು ಮಂತ್ರವೋ! ಅಂದಿನಿಂದ ಅವರಿಗೆ ಹೆಸರು ನೆನಪಿರತೊಡಗಿತು. ವಾರದೊಳಗೆ ಪತ್ರ ಸಿದ್ಧ. "ಶನಿವಾರ ಮನೆಗೆ ಊಟಕ್ಕೆ ಬಾ ಮಗಾ. ಎಲ್ಲರೆದುರು ಸಹಿ ಹಾಕಿ ಕೊಡ್ತೀನಿ."

ಶನಿವಾರ ಡೀನ್ ಸಾಹೇಬರೂ ವಿಭಾಗದ ದೊಡ್ಡವರೆಲ್ಲರೂ ಸೇರಿದ್ದರು. ಅಗಾಯ್ ಅವರ ಹೆಂಡತಿ ರೈಖಾನ್ ಅತಿಥಿಗಳಿಗಿಂತ ಮೊದಲು ಒಂದು ಬಟ್ಟಲು ಮಾಂಸದ ಸಾರನ್ನು ಒಳಕೋಣೆಗೆ ಒಯ್ದು, ಬಾಗಿಲು ಎಳೆದುಕೊಂಡು ಬಂದರು. "ಬೆಕ್ಕಿಗೆ" ಎಂದರು. ಬೆಕ್ಕಿನ ಪುಣ್ಯ ಎಂದುಕೊಂಡ ಕೈಸಾರ್.

ಆಮೇಲೆ ಬೇಯಿಸಿದ ಕುರಿಯ ತಲೆ ಬಂತು, ಜೊತೆಗೆ ಚಾಕು. ಅದನ್ನು ಕೊಯ್ದು ಹಂಚುವುದು ಪಂಕ್ತಿಯ ಹಿರಿಯರಿಗೆ ಸಲ್ಲುವ ಗೌರವ. ಯಾರ ಮನೆಯ ಔತಣದಲ್ಲೂ ಓರಜ್‌ಬಾಯ್ ಆ ತಟ್ಟೆಯನ್ನು ಪಕ್ಕದವರಿಗೆ ದಾಟಿಸುವವರೇ. ಎಂಥ ವಿನಯ ಎಂದು ಜನ ಹೊಗಳುತ್ತಿದ್ದರು. ಇಂದು ತಟ್ಟೆಯನ್ನು ಕೈಸಾರ್‌ನ ಕಡೆ ತಿರುಗಿಸಿದರು.

"ಇವತ್ತು ಈ ಮಗು ಕೊಯ್ಯಲಿ. ಅಪ್ಪ ಇರೋನು ತಲೆ ಮುಟ್ಟೋ ಹಾಗಿಲ್ಲ. ಇವನಿಗೆ ಪಾಪ, ಈ ವಯಸ್ಸಿಗೇ ಆ ಹಕ್ಕು ಬಂದುಬಿಟ್ಟಿದೆ."

ಕೈಸಾರ್ ಚಾಕು ತೆಗೆದುಕೊಂಡ. ಬಾಯಿಮಾತಿನ ಸುಳ್ಳು ಗಾಳಿಗೆ ಹೋಗುತ್ತದೆ. ಅಪ್ಪ ಬದುಕಿರುವಾಗ ಮಗ ಈ ತಲೆ ಮುಟ್ಟಿದರೆ ಅಪ್ಪನಿಗೆ ಗುಂಡಿ ತೋಡಿದ ಹಾಗೆ. ಊರು ಬಿಟ್ಟ ದಿನ ಬಸ್ಸು ಹೊರಟ ಮೇಲೂ ಕಿಟಕಿಯ ಪಕ್ಕ ಓಡುತ್ತ, "ಟೋಪಿ ಹಾಕ್ಕೊಳೋ" ಎಂದು ಕೂಗಿದ್ದ ಅಪ್ಪ ಕಣ್ಣಮುಂದೆ ಬಂದರು.

ಚಾಕುವನ್ನು ಕೆಳಗಿಟ್ಟ. "ತಪ್ಪಾಯ್ತು ಅಗಾಯ್. ನಮ್ಮಪ್ಪ ಇದ್ದಾರೆ."

ಓರಜ್‌ಬಾಯ್ ಮುಖ ಕೆಂಪಾಯಿತು. ಕೋಟಿನ ಜೇಬಿನಿಂದ ಪತ್ರ ತೆಗೆದು ಪರಪರನೆ ಹರಿದರು.

"ಥೂ ನಿನ್ನ! ಒಂದು ಕಾಗದಕ್ಕೋಸ್ಕರ ಹೆತ್ತಪ್ಪನ್ನೇ ಇಲ್ಲ ಅಂದ್ಯಲ್ಲೋ! ಅಪ್ಪ ಇಲ್ಲದ ಸಂಕಟ ಏನು ಅಂತ ನನ್ನ ಕೇಳು!" ಕರವಸ್ತ್ರ ಹೊರಬಂತು. ಸುತ್ತ ಕೂತವರೂ ಕಣ್ಣೊರೆಸಿಕೊಂಡರು.

ಪ್ರಾಗ್ ಚೂರುಚೂರಾಗಿ ಕಾರ್ಪೆಟ್ಟಿನ ಮೇಲೆ ಬಿದ್ದಿತ್ತು. ಕೈಸಾರ್ ಎದ್ದು ಬೂಟು ಹುಡುಕತೊಡಗಿದ.

ಡೀನ್ ಸಾಹೇಬರಿಗೆ ಹಸಿವು. ಗಂಟಲೂ ದೊಡ್ಡದು. "ಆ ಕಳ್ಳನ್ನ ಬಿಡ್ರೀ, ಊಟ ಆರ್ತಿದೆ. ಇವತ್ತು ನಿಮ್ಮ ವಿನಯ ಗಿನಯ ನಡೆಯಲ್ಲ. ನಿಮ್ಮಪ್ಪ ಸತ್ತು ಐವತ್ತು ವರ್ಷ ಆಯ್ತಲ್ರೀ, ಇನ್ನೂ ಎಂಥ ಸಂಕೋಚ? ಕೊಯ್ಯಿರಿ!" ಎಂದು ಚಾಕುವನ್ನು ಅವರ ಕೈಗೆ ತುರುಕಿದರು.

ಓರಜ್‌ಬಾಯ್ ಹೆಂಡತಿಯ ಮುಖ ನೋಡಿದರು. ಹೆಂಡತಿ ಎಲ್ಲಿಯೋ ನೋಡಿದರು. ಎಲ್ಲರೂ ಕಾಯುತ್ತಿದ್ದರು. ಚಾಕು ಮೆಲ್ಲಗೆ ಕುರಿಯ ಕಿವಿಯತ್ತ ಇಳಿಯಿತು.

ಒಳಕೋಣೆಯಿಂದ ಒಂದು ಮುದಿ ದನಿ ಗುಡುಗಿತು: "ಲೋ ಓರಜ್‌ಬಾಯ್, ತಲೆ ಮುಟ್ಟೀಯ ಜೋಕೆ! ನಾನಿನ್ನೂ ಸತ್ತಿಲ್ಲ ಕಣೋ!"