ತಳದ ನೀರು

"ಮಳೆನೀರು ಅಂತ ಹೇಳಿದೆನಲ್ಲ. ನಂಬಿಕೆ ಇಲ್ದಿದ್ರೆ ನಡಿಯಮ್ಮ, ನನ್ನ ದೋಣಿ ಮಾರೋದೇ ಇಲ್ಲ," ಎಂದು ಮುದುಕ ತೋರ್ಕೆಲ್ ಗದರಿದ.

"ಕೂಗಾಡಬೇಡಿ ಯಜಮಾನ್ರೇ. ಇದರಲ್ಲಿ ಒಬ್ಬಳೇ ಐಸ್‌ಲ್ಯಾಂಡಿಗೆ ಹೋಗೋಳು ನಾನು, ನೀವಲ್ಲ," ಎಂದಳು ಗುನ್ವೋರ್. ಹಾಯಿದೋಣಿಯ ನೆಲಹಲಗೆ ಎತ್ತಿದಾಗ ತಳದಲ್ಲಿ ಗೇಣಾಳದ ನೀರು ಕಂಡಿತ್ತು. ಅದು ಸಮುದ್ರದ್ದಾದರೆ ದೋಣಿ ಎಲ್ಲೋ ಸೋರುತ್ತಿದೆ ಎಂದರ್ಥ, ಕೊಳ್ಳುವ ಮಾತೇ ಇಲ್ಲ.

ಅವಳು ಮಂಡಿಯೂರಿ ಆ ಕರಿನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. ಡೀಸೆಲ್ ನಾತ ಗಂಟಲಿಗೇ ಇಳಿಯಿತು, ಆದರೆ ಉಪ್ಪಿರಲಿಲ್ಲ. "ಸಿಹಿನೀರೇ," ಎಂದು ನಕ್ಕಳು.

ತೋರ್ಕೆಲನ ಸಿಟ್ಟು ಇಳಿಯಿತು. "ನಿನಗಿಂತ ಮುಂಚೆ ಕೊಳ್ಳೋಕೆ ಬಂದ ಮೂವರೂ ಮಲಗೋ ಮೆತ್ತೆ ಒತ್ತಿ ನೋಡಿದ್ರು, ಈ ನೀರನ್ನ ಯಾರೂ ನೆಕ್ಕಲಿಲ್ಲ. ದೋಣಿ ಇನ್ನು ನಿಂದೇ, ಕಾಗದಪತ್ರ ನನ್ನ ಮಗಳು ಕಳಿಸ್ತಾಳೆ." ಕೊರಳಲ್ಲಿ ತೂಗುತ್ತಿದ್ದ ದೋಣಿಯ ಕೀಲಿಕೈ ತೆಗೆದು ಅವಳ ಒದ್ದೆ ಅಂಗೈಗಿಟ್ಟ. ದಡದ ಕಟ್ಟೆಗೆ ಹತ್ತಿ ನಡೆದವನು, ದೋಣಿಯೊಳಗಿನ ಮೇಜಿನ ಮೇಲೆ ಮರೆತ ತನ್ನ ಟೋಪಿಗೂ ತಿರುಗಿ ಬರಲಿಲ್ಲ.