ದಾಸವಾಳದ ಕಂಬಳಿ

ಸೂರ್ಯ ಮಂಕಾಗಿ ಮೂವತ್ತು ವರ್ಷವಾಗಿತ್ತು. ಚಿತ್ರದುರ್ಗದಲ್ಲಿ ಹಿಮ ಬೀಳುವುದು ಯಾರಿಗೂ ಸುದ್ದಿಯಾಗಿರಲಿಲ್ಲ. ಆದರೆ ಶಾಲೆಯ ಮಕ್ಕಳ ಕಂಬಳಿಗಳನ್ನು ರಸ್ತೆಬದಿಯ ದಾಸವಾಳಗಳಿಗೆ ಸುತ್ತಿದ್ದನ್ನು ಕಂಡು ಓಬಳಮ್ಮ ಟೀಚರಿಗೆ ಮೈಯೆಲ್ಲ ಉರಿಯಿತು. ಅವರು ಒಂದೊಂದೇ ಗಂಟು ಬಿಚ್ಚತೊಡಗಿದರು.

ತೋಟಗಾರಿಕೆ ಅಧಿಕಾರಿ ತಿಪ್ಪೇಶ, ಅವರದೇ ಹಳೆಯ ವಿದ್ಯಾರ್ಥಿ, ಓಡಿಬಂದ. “ಬಿಡ್ರೀ ಮೇಡಂ! ನಾಳೆ ಮಂತ್ರಿಗಳು ಬರ್ತಾರೆ. ಗಿಡ ಸತ್ರೆ?”

“ಸಾಯಲ್ಲ ಕಣೋ. ಬುಡಕ್ಕೆ ಹುಲ್ಲು ಹೊದಿಸಿದ್ರೆ ಬೇಸಿಗೇಲಿ ಮತ್ತೆ ಚಿಗುರುತ್ತೆ ಅಂತ ಮೂರನೇ ಕ್ಲಾಸಲ್ಲೇ ಕಲಿಸಿದ್ದೆ. ನಿನಗೆ ಬೇಕಾಗಿರೋದು ಗಿಡ ಅಲ್ಲ, ನಾಳೆಯ ಹೂವು.”

“ಮಕ್ಕಳು ಒಂದಿನ ಚಳಿ ತಡ್ಕೊಳ್ಳಲ್ವಾ ಮೇಡಂ?”

ಓಬಳಮ್ಮ ಕಂಬಳಿಗಳ ಹೊರೆಯನ್ನು ಹೆಗಲಿಗೇರಿಸಿದರು. ಆಮೇಲೆ ಅವನ ಉಣ್ಣೆಯ ಶಾಲನ್ನು ಎಳೆದು, ಕಂಬಳಿ ಕಳಚಿ ನಿಂತಿದ್ದ ಒಂದು ದಾಸವಾಳಕ್ಕೆ ಬಿಗಿಯಾಗಿ ಸುತ್ತಿದರು.

“ತಡ್ಕೋ ಮಗಾ. ಒಂದೇ ದಿನ.”