ಹೋಗಯ್ಯಾ ಹೋಗು

"ಪ್ರೋಗ್ರಾಂ ಮುಗಿದ್ಮೇಲೆ ಯಾರೂ ಹೋಗ್ಬೇಡಿ. ಒಂದು ಮಾತು ಹೇಳ್ಬೇಕು."

ಗಿಟಾರ್‌ನವನು ಇಷ್ಟು ಹೇಳಿ ತಂತಿ ಬಿಗಿಯಲು ಕೂತ. ಡ್ರಮ್ಮರ್ ಕೈಯಲ್ಲಿದ್ದ ಕೋಲು ಕೆಳಗಿಟ್ಟ. ಮುಗೀತು ಕಥೆ. ಇವನು ಬ್ಯಾಂಡ್ ಬಿಡುತ್ತಾನೆ.

ಬಿಡದೆ ಇನ್ನೇನು? ಕಲ್ಲಾದರೂ ಎಷ್ಟು ದಿನ ತಡೆದೀತು? ಅವನೂ ಗಾಯಕಿಯೂ ಮೂರು ವರ್ಷ ಹಾಲು ಜೇನಿನ ಹಾಗಿದ್ದರು. ಆಮೇಲೆ ಅವಳೊಂದು ರಾಕ್ ಹಾಡು ಬರೆದಳು, 'ಹೋಗಯ್ಯಾ ಹೋಗು'. ಅವನ ಗೊರಕೆ, ನಾರುವ ಸಾಕ್ಸು, ಮರೆತ ಹುಟ್ಟುಹಬ್ಬ, ಒಂದನ್ನೂ ಬಿಟ್ಟಿರಲಿಲ್ಲ. ನಮ್ಮಿಬ್ಬರದು ಮುಗಿಯಿತು ಎಂಬುದೇ ಪಲ್ಲವಿ. ರಿಹರ್ಸಲ್‌ನಲ್ಲಿ ಅವನೆದುರೇ ನಿಂತು ಹಾಡಿದಳು, ಪುಣ್ಯಾತ್ಗಿತ್ತಿ. ಗಿಟಾರ್‌ನವನು ತಲೆಯೆತ್ತಿ, ಮಧ್ಯೆ ಸ್ವಲ್ಪ ಜಾಗ ಬಿಟ್ಟರೆ ಒಂದು ಗಿಟಾರ್ ಸೋಲೋ ಹಾಕುತ್ತೇನೆ ಎಂದನಷ್ಟೆ.

ಗುಂಡಿಗೆ ಅಂದರೆ ಅದು.

ಹಾಡು ಬೆಂಕಿಯಂತೆ ಹಬ್ಬಿತು. ಹೋದಲ್ಲೆಲ್ಲ ಜನ ಗೋಳೋ ಎಂದು ಅತ್ತರು. ಹೆಂಡತಿಯ ಹತ್ತಿರವೂ ನೆಟ್ಟಗೆ ಮಾತಾಡದ ಪೇಪರಿನವರು ಆ ಸೋಲೋದಲ್ಲಿ ಒಡೆದ ಹೃದಯದ ಚೂರು ಹೆಕ್ಕಿದರು. ಅವನು ಕಣ್ಣುಮುಚ್ಚಿ ನುಡಿಸುವ ಚಿತ್ರ ಟೀಶರ್ಟುಗಳ ಮೇಲೆ ಬಂತು. ವೇದಿಕೆ ಇಳಿದ ಮೇಲೆ ಅವಳು ಅವನತ್ತ ತಿರುಗಿಯೂ ನೋಡುತ್ತಿರಲಿಲ್ಲ, ತುಟಿ ಬಿಚ್ಚುತ್ತಿರಲಿಲ್ಲ. ಅವನೋ ದಿನಾ ತಪ್ಪದೆ ಒಂದು ಲೋಟ ಬಿಸಿನೀರು ತಂದು ಅವಳ ಪಕ್ಕ ಇಟ್ಟು, ಸದ್ದಿಲ್ಲದೆ ಹೋಗುತ್ತಿದ್ದ. ಅದನ್ನು ಕಂಡಾಗಲೆಲ್ಲ ಡ್ರಮ್ಮರ್‌ಗೆ ಮೈ ಉರಿಯುತ್ತಿತ್ತು. ಇಂಥ ದೇವರಂಥವನಿಗೆ ಇಂಥ ಪಾಡು.

ಆ ಮಧ್ಯಾಹ್ನದ ಪ್ರೋಗ್ರಾಂನಲ್ಲಿ ಡ್ರಮ್ಮರ್ ಎರಡು ಕಡೆ ತಾಳ ತಪ್ಪಿದ. ಇವನು ಹೋದರೆ ಬ್ಯಾಂಡ್ ಹೋಯಿತು. ತಾನು ಮತ್ತೆ ಮಾವನ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತ ಕೂರಬೇಕು. ಕೊನೆಯ ಚಪ್ಪಾಳೆ ನಿಲ್ಲುವ ಮೊದಲೇ ಗಾಯಕಿಯನ್ನು ಸ್ಪೀಕರ್‌ಗಳ ಹಿಂದೆ ತಡೆದು ನಿಲ್ಲಿಸಿದ.

"ಕಾಲಿಗೆ ಬಿದ್ದಾದ್ರೂ ಅವನನ್ನ ಉಳಿಸ್ಕೋ."

ಅವಳ ಕಣ್ಣು ತುಂಬಿತು. ತನಗೂ ಆರು ತಿಂಗಳಿಂದ ನಿದ್ದೆಯಿಲ್ಲ, ಅವನು ಒಂದೇ ಒಂದು ಸಲ ಬೈದುಬಿಟ್ಟಿದ್ದರೂ ನೆಮ್ಮದಿಯಾಗುತ್ತಿತ್ತು, ಈ ಮೌನವೇ ಕೊಲ್ಲುತ್ತಿದೆ ಎಂದಳು.

ಅಷ್ಟರಲ್ಲಿ ಗಿಟಾರ್‌ನವನು ಬಂದ. ಕಿವಿಯ ಇಯರ್‌ಫೋನ್ ತೆಗೆದು ಕುತ್ತಿಗೆಗೆ ಜೋತುಹಾಕಿಕೊಂಡ. ಜೇಬಿನಿಂದ ಒಂದು ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿಟ್ಟ.

"ಬಾಡಿಗೆ ಮನೆ ಸಿಕ್ತು ಕಣೇ. ಮುಂದಿನ ತಿಂಗಳೇ ಮದುವೆ ಆಗ್ಬಿಡೋಣ."

ಡ್ರಮ್ಮರ್ ಬೀಗದ ಕೈಯನ್ನೂ ಅವನನ್ನೂ ನೋಡಿ, ಇವಳು ದಿನಾ ಹಾಡುವುದು ನಿನಗೆ ಕೇಳಿಸುವುದಿಲ್ಲವೇನಪ್ಪ ಎಂದು ಕೇಳಿದ.

"ರಿಹರ್ಸಲ್ ಆಗ್ಲಿ ಸ್ಟೇಜ್ ಆಗ್ಲಿ, ಈ ಇಯರ್‌ಫೋನ್‌ನಲ್ಲಿ ನನ್ ಗಿಟಾರ್ ಮಾತ್ರ ಕೇಳೋ ಹಾಗೆ ಇಟ್ಕೊಂಡಿರ್ತೀನಿ, ಬೇರೆಯವರದೆಲ್ಲ ಯಾರು ಕೇಳ್ತಾರೆ? ಪಾಪ, ಚೆನ್ನಾಗೇ ಹಾಡಿರ್ತಾಳೆ ಬಿಡು. ಗಂಟಲು ಉಳಿಸ್ಕೊಳ್ಳೋಕೆ ಅಂತ ಆರು ತಿಂಗಳಿಂದ ನನ್ ಹತ್ರಾನೂ ಮಾತಾಡಿಲ್ಲ."